ಕಾಕಾರ ಖಾಲಿ ಸಮಯ

ಕಳೆದ ವಾರ ಮಿರಜ ಸ್ಟೇಷನ್ನಿನ ಹೊರಗೆ ಚಪ್ಪಲಿ ಹೊಲಿಸಲು ನಿಂತಿದ್ದೆ. ಚರ್ಮ ಮತ್ತು ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಕಾ ನೆನಪಾದರು. ಎಷ್ಟು ವರ್ಷವಾಯಿತೋ...

ಮಿರಜದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಪೋಲಿಯೊ ಬಂದ, ಪೆಟ್ಟು ತಿಂದ ಕಾಲುಗಳಿಗೆ ಕಬ್ಬಿಣದ ಪಟ್ಟಿ ಜೋಡಿಸಿದ ಬೂಟು ಮಾಡುತ್ತಿದ್ದರು. ಅಳತೆ ತೆಗೆಯುವವರು, ಎಲ್ಲರೂ ಕಾಕಾ ಎನ್ನುತ್ತಿದ್ದ ಹಿರಿಯರು. ಒಬ್ಬರ ಬೂಟು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ನಾನಾಗ ವಿಶ್ರಾಮಬಾಗದ ಕಾಲೇಜಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಅಲ್ಲಿದ್ದ ಯಂತ್ರಗಳಲ್ಲೇ ಒಬ್ಬೊಬ್ಬರಿಗೂ ಬೇರೆ ಬೇರೆ ಬೂಟು ಬೇಗ ತಯಾರಾಗುವುದು ಹೇಗೆಂದು, ಇಡೀ ಕಾರ್ಖಾನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ನಡೆಸಿ ನೋಡುವುದು ನನ್ನ ಪ್ರಾಜೆಕ್ಟ್. ಸ್ಟಾಪ್‌ವಾಚ್ ಹಿಡಿದು ಎರಡು ತಿಂಗಳು ಕಾಕಾರ ಪಕ್ಕ ಕುಳಿತೆ.

ಅಥಣಿ, ಜಮಖಂಡಿ ಕಡೆಯಿಂದ ಬಂದವರು ಬೆಳಗಿನಿಂದ ಸರದಿಯಲ್ಲಿ ಕಾಯುತ್ತಿದ್ದರು. ಕಾಕಾ ಮಾತ್ರ ಟೇಪು ಪಕ್ಕಕ್ಕಿಟ್ಟು ಹರಟೆ ಹೊಡೆಯುತ್ತಿದ್ದರು. "ಮನಿ ಮುಂದ ಮೆಟ್ಟಲಾ ಎಷ್ಟ ಅದಾವು? ಒಲಿ ನೆಲದ ಮ್ಯಾಲ ಐತೋ, ಕಟ್ಟಿ ಮ್ಯಾಲೋ?" ಅದಕ್ಕೆಲ್ಲ ನನ್ನ ವಹಿಯಲ್ಲಿ ಒಂದೇ ಹೆಸರು: ಖಾಲಿ ಸಮಯ. ಆ ವಯಸ್ಸಿನಲ್ಲಿ ನನಗೆ ತಿಳಿಯದ್ದು ಯಾವುದೂ ಇರಲಿಲ್ಲ, ನೋಡಿ.

ಕಂಪ್ಯೂಟರಿನ ಮಾದರಿ ಸಿದ್ಧವಾದ ದಿನ ಕಾಕಾರಿಗೂ ತೋರಿಸಿದೆ. ಪರದೆಯ ಮೇಲೆ ಅವರು ಒಂದು ಹಸಿರು ಚೌಕ, ನಡುನಡುವೆ ಕೆಂಪಾಗುತ್ತಿತ್ತು.

"ತಂಗಿ, ಕೆಂಪಗ ಆದಾಗ ನಾ ಏನ ಮಾಡಾಕತ್ತಿರತೇನಿ?"

"ಸುಮ್ಮನ ಕುಂತಿರ್ತೀರಿ, ಕಾಕಾ."

"ಸುಮ್ಮನ ಅಲ್ಲ, ಮಾತಾಡಾಕತ್ತಿರತೇನಿ," ಎಂದರು. ಅಷ್ಟೇ.

ಹರಟೆ ತೆಗೆದರೆ ಸರದಿ ಕರಗುತ್ತದೆಂಬ ನನ್ನ ವರದಿ ಮಾಲೀಕರಿಗೆ ಹಿಡಿಸಿತು. ಮಾತು ನಿಂತಿತು. ಬಾಗಿಲಲ್ಲೇ ಮರಾಠಿ ಫಾರ್ಮು ತುಂಬಿಸಿ, ಕಾಲಿನ ಅಳತೆ ಬರೆದುಕೊಂಡು ಕಳಿಸತೊಡಗಿದರು. ಸರದಿ ಕರಗಿತು. ಅಷ್ಟು ಕೆಲಸಕ್ಕೆ ಕಾಕಾರೇ ಬೇಕೆಂದಿರಲಿಲ್ಲ, ಅವರನ್ನು ಕೆಲಸದಿಂದ ಬಿಡಿಸಿದರು. ಕಾಕಾ ತಮ್ಮೂರು ಲಿಂಗನೂರಿಗೆ ಹೋಗಿಬಿಟ್ಟರು. ನನಗೆ ಒಳ್ಳೆಯ ಅಂಕ ಬಂದವು.

ಮರುವರ್ಷ ಏನೋ ಕೆಲಸಕ್ಕೆಂದು ಕಾರ್ಖಾನೆಗೆ ಹೋದಾಗ ಹೆಂಗಸೊಬ್ಬಳು ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. "ನಿಂತರ ಛಲೋ ಆಗತೈತ್ರಿ. ಒಲಿ ಮುಂದ ಕುಂದ್ರಾಕ ಬರೂದಿಲ್ಲ. ಇದನ್ನ ಸರಿ ಮಾಡಸಾಕ ಮೂರನೇ ಸರ್ತಿ ಬಂದೇನಿ," ಎಂದಳು. ಕಾಕಾ ಕೇಳುತ್ತಿದ್ದ ಒಲೆ, ಮೆಟ್ಟಿಲು ಎಲ್ಲವೂ ಅಳತೆಯೇ ಆಗಿತ್ತೆಂದು ಆಗ ಹೊಳೆಯಿತು. ಅವಳ ಮುಖ ನೋಡಲಾಗಲಿಲ್ಲ, ಅಷ್ಟು ನಾಚಿಕೆಯಾಯಿತು. ಮಾಲೀಕರಿಗೆ ಹೇಳಿದೆ, ಸರದಿ ಮತ್ತೆ ಬೆಳೆಯುವುದು ಅವರಿಗೆ ಬೇಡವಾಗಿತ್ತು. ಕಾಕಾರ ಬಳಿ ಹೋಗಿ ತಪ್ಪೊಪ್ಪಿಕೊಳ್ಳಬೇಕಿತ್ತು... ಇವತ್ತು, ನಾಳೆ ಎನ್ನುತ್ತ ವರ್ಷಗಳೇ ಕಳೆದವು.

ಮೊನ್ನೆ ಭಾನುವಾರ ಕೊನೆಗೂ ಲಿಂಗನೂರಿಗೆ ಹೋದೆ. ಕಾಕಾ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಯಾರೆಂದು ಹೇಳಿದಾಗ ಅವರ ಹೆಂಡತಿ ಕೂರಿಸಿ ಚಹಾ ಕೊಟ್ಟರು.

"ನಿಮ್ಮನ್ನ ಭಾಳ ನೆನಸ್ತಿದ್ರು. ‘ಆ ಹುಡುಗಿ ಬಂದ ಮ್ಯಾಲ ದೂರದ ಮಂದಿ ಕಾಯೂದು ತಪ್ಪಿತು, ನನ್ನ ಕೆಲಸ ಹೋದ್ರ ಹೋಗಲಿ,’ ಅಂತಿದ್ರು."

ಆ ದೂರದ ಮಂದಿ ಮೂರು ಮೂರು ಸಲ ತಿರುಗಾಡಿದರೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.