ಬಾಯ್ಲರ್ ವಾಲ್ವೂ ನಮ್ಮ ಮಾವನೂ

ನಾವಿರುವ ನೋಮಿ ಎಂಬ ಹೊರದೇಶದ ಊರಿನ ಚಳಿಗೆ ನಮ್ಮ ಮನೆಯ ಬಾಯ್ಲರ್‌ನ ವಾಲ್ವ್ ಬಿರುಕುಬಿಟ್ಟು ಸೋರತೊಡಗಿತು. ಮನೆಯನ್ನೂ ಸ್ನಾನದ ನೀರನ್ನೂ ಬೆಚ್ಚಗಿಡುವ ಬಾಯ್ಲರ್ ಅದು, ಹೊರಗೋಡೆಗೆ ಅಂಟಿಕೊಂಡು ಹಿಮದಲ್ಲೇ ನಿಂತಿರುತ್ತದೆ. ಪ್ಲಂಬರ್ ಬರಲು ವಾರವಾಗುತ್ತದೆ ಎಂದರು. ಸಂಶೋಧನೆಗೆಂದು ಬಂದವಳು ನಾನೇ ಸ್ಪ್ಯಾನರ್ ಹಿಡಿದೆ. ನೀರು ನಿಲ್ಲಿಸಿ, ಹಳೆಯದನ್ನು ಬಿಚ್ಚಿ, ಪೈಪಿಗೆ ಬಿಳಿ ಟೇಪ್ ಸುತ್ತಿ ಹೊಸ ವಾಲ್ವ್ ಕೂರಿಸುವಷ್ಟರಲ್ಲಿ ಬೆರಳುಗಳು ಮರಗಟ್ಟಿದ್ದವು.

ಹರಿಯುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಇಲ್ಲಿ ವಿಪರೀತ ಚಳಿಯಿದ್ದರೆ ಮಲಗುವ ಮುಂಚೆ ಬಚ್ಚಲಿನ ನಲ್ಲಿಯನ್ನು ಸಣ್ಣಗೆ ಬಿಟ್ಟಿರುತ್ತಾರೆ. ನಾನೂ ಬಿಡುತ್ತಿದ್ದೆ. ಬೆಂಗಳೂರಿನಿಂದ ಬಂದಿದ್ದ ಮಾವ ನನ್ನ ಹಿಂದೆಯೇ ಹೋಗಿ ಬಿಗಿಯಾಗಿ ತಿರುಗಿಸಿ ನಿಲ್ಲಿಸುತ್ತಿದ್ದರು.

“ಹೀಗೆ ನಲ್ಲಿ ನಿಲ್ಲಿಸಿದ್ದಕ್ಕೇ ನೀರು ಹೆಪ್ಪುಗಟ್ಟಿ ವಾಲ್ವ್ ಒಡೆದಿದ್ದು, ಮಾವ,” ಎಂದೆ, ಸ್ವಲ್ಪ ಗಡುಸಾಗಿಯೇ.

“ಟ್ಯಾಂಕರ್‌ಗೆ ಕಾದು ನೀರು ಹಿಡಿದೋನು ನಾನು. ನಲ್ಲಿ ಹರೀತಾ ಇದ್ರೆ ನಂಗೆ ನಿದ್ದೆ ಬರಲ್ಲಮ್ಮ.”

ಕೊನೆಗೆ ನಲ್ಲಿಯ ಕೆಳಗೆ ಬಕೆಟ್ ಇಟ್ಟೆ. ಅದಕ್ಕೆ ಒಪ್ಪಿದರು.

ಬೆಳಿಗ್ಗೆ ಹೊಸ ವಾಲ್ವ್ ಒಂದು ಹನಿಯೂ ಸೋರಿರಲಿಲ್ಲ. ಬಕೆಟ್ ತುಂಬಿ ಹರಿಯುತ್ತಿತ್ತು. ಗಿಡಕ್ಕಾದರೂ ಹಾಕುತ್ತೇನೆಂದು ಮಾವ ಅದನ್ನು ಹೊತ್ತು ಹೊರಗೆ ಬಂದರು. ಗಿಡಗಳೆಲ್ಲ ಹಿಮದಡಿ ಹೂತುಹೋಗಿದ್ದವು. ಎದುರಿನ ರಸ್ತೆಯಲ್ಲಿ, ಹಿಮ ಕರಗಿಸಲೆಂದು ಹೂಳಿದ ಪೈಪುಗಳಿಂದ ನೀರು ಉದ್ದಕ್ಕೂ ಚಿಮ್ಮಿ ಮೋರಿಗೆ ಹರಿದುಹೋಗುತ್ತಿತ್ತು. ಮಾವ ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ಬಕೆಟ್ಟನ್ನು ತುಳುಕದಂತೆ ಒಳಗೆ ತಂದು, ಬಚ್ಚಲಲ್ಲಿಟ್ಟು, ಮೇಲೊಂದು ತಟ್ಟೆ ಮುಚ್ಚಿದರು.