ಎದುರಿಗೆ ಸ್ಟೀರಿಂಗೇ ಇಲ್ಲ

ಕಳೆದ ಶುಕ್ರವಾರ ನಾನು ಗಂಡನನ್ನು ಬಿಟ್ಟು ಹೊರಟೆ. ಕಾರಿನವರೆಗೆ ಹೋದೆ.

ಗಾಬರಿ ಬೇಡ. ಇದನ್ನು ಬರೆಯುತ್ತಿರುವುದು ರಿಯಾದಿನ ಮಲಾಜ್‌ನಲ್ಲಿರುವ ಅದೇ ಮನೆಯಿಂದ, ಅದೇ ಗಂಡನ ಚಹಾಕ್ಕೆ ನೀರಿಟ್ಟು. ಆದರೆ ಹೊರಟದ್ದು ಸುಳ್ಳಲ್ಲ. ಅದಕ್ಕೆ ಅರ್ಧ ಕಾರಣ ಇವರು. ಇನ್ನರ್ಧ ಆಸ್ಟ್ರೇಲಿಯಾ.

ನಮ್ಮ ಮನೆಗೆ ಆಸ್ಟ್ರೇಲಿಯಾ ತಂದವಳು ಮಗಳು. ಏಳನೇ ಕ್ಲಾಸು. ಕನ್ನಡ ಸೀರಿಯಲ್ ಹಾಕಿದರೆ ಬೋರಿಂಗ್ ಎಂದು ರಿಮೋಟ್ ಕಿತ್ತುಕೊಳ್ಳುವವಳು. ಡಿಶ್‌ನಲ್ಲಿ ದಿನಾ ಸಂಜೆ ನಾಲ್ಕಕ್ಕೆ ಒಂದು ಆಸ್ಟ್ರೇಲಿಯನ್ ಸೀರಿಯಲ್ ಬರುತ್ತದೆ. ಸಮುದ್ರದ ಪಕ್ಕದ ಸಣ್ಣ ಊರು, ನಾಲ್ಕೈದು ಮನೆ. ಎಲ್ಲರೂ ಎಲ್ಲರ ಅಡುಗೆಮನೆಗೆ ಬೆಲ್ ಮಾಡದೆ ನುಗ್ಗುತ್ತಾರೆ. ಮಗಳು ಎಂತ ನೋಡುತ್ತಾಳೋ ಎಂದು ಪಕ್ಕದಲ್ಲಿ ಕೂತೆ. ಈಗ ಅವಳು ಹೋಂವರ್ಕ್ ಮಾಡುತ್ತಾಳೆ, ನಾನು ನೋಡುತ್ತೇನೆ.

ಅದರಲ್ಲಿ ಮಲಗುವಾಗ ಯಾರೂ ಒಡವೆ ಹಾಕಿಕೊಳ್ಳುವುದಿಲ್ಲ. ಹೆಂಗಸರು ಹಳೇ ಟೀಶರ್ಟಿನಲ್ಲಿ ಓಡಾಡುತ್ತಾರೆ. ಗಂಡಸರು ಬಟ್ಟೆ ಒಣಹಾಕುತ್ತಾರೆ, ಅದಕ್ಕೆ ಹಿನ್ನೆಲೆ ಸಂಗೀತವೂ ಇಲ್ಲ. ಗಂಡ ಹೆಂಡತಿ ಪ್ರೀತಿಯಿಂದ ಹತ್ತಿರ ಬರುತ್ತಾರೆ, ಅಷ್ಟರಲ್ಲಿ ಇಲ್ಲಿಯ ಚಾನೆಲಿನವರ ಕತ್ತರಿ ಬೀಳುತ್ತದೆ, ಮರುಕ್ಷಣ ಇಬ್ಬರೂ ಪಾತ್ರೆ ತೊಳೆಯುತ್ತಿರುತ್ತಾರೆ. (ಸಂಸಾರವೆಂದರೆ ಹೆಚ್ಚುಕಮ್ಮಿ ಹೀಗೇ ಅಲ್ಲವಾ?)

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಅವರ ಜಗಳ. ವಾರಕ್ಕೊಮ್ಮೆ ಯಾರಾದರೊಬ್ಬಳು ಗಂಡನ ಜೊತೆ ಜಗಳ ತೆಗೆದು, ಕಾರಿನ ಕೀ ಎತ್ತಿಕೊಂಡು ಹೊರಟೇ ಬಿಡುತ್ತಾಳೆ. ಸೀದಾ ಸಮುದ್ರಕ್ಕೆ. ಹೋಗಿ ಮರಳಿನ ಮೇಲೆ ಕೂರುತ್ತಾಳೆ. ಸ್ವಲ್ಪ ಹೊತ್ತಿಗೆ ಅವನೂ ಬಂದು ಪಕ್ಕದಲ್ಲಿ ಕೂರುತ್ತಾನೆ. ಇಬ್ಬರೂ ಮುಖ ನೋಡಿಕೊಳ್ಳದೆ, ಸಮುದ್ರ ನೋಡುತ್ತಾ, ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಳ್ಳುತ್ತಾರೆ. ಯಾರ ಅತ್ತೆಯೂ ನಡುವೆ ಬರುವುದಿಲ್ಲ. ಹತ್ತು ನಿಮಿಷದಲ್ಲಿ ಇತ್ಯರ್ಥ.

ಇನ್ನು ಶುಕ್ರವಾರಕ್ಕೆ ಬರುತ್ತೇನೆ.

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಇವರು ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಾ, ಕಾಂಟ್ರಾಕ್ಟನ್ನು ಇನ್ನೆರಡು ವರ್ಷಕ್ಕೆ ಸೈನ್ ಮಾಡಿದೆ ಎಂದರು. ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ ಅನ್ನುವಾಗ ಇರುತ್ತದಲ್ಲ, ಅದೇ ಸ್ವರ.

ನಾನು ಪುತ್ತೂರಿನ ಕಾಲೇಜೊಂದರಲ್ಲಿ ಕನ್ನಡ ಲೆಕ್ಚರರ್. ಸಂಬಳವಿಲ್ಲದ ರಜೆ ಹಾಕಿ ಬಂದವಳು. ಮೂರೇ ವರ್ಷ ಎಂದು ಕರೆದುಕೊಂಡು ಬಂದಿದ್ದರು. ಆ ಮೂರು ವರ್ಷ ಈ ಮೇ ತಿಂಗಳಿಗೆ ಮುಗಿಯುತ್ತದೆ. ಜೂನ್ ಒಂದಕ್ಕೆ ನಾನು ಕ್ಲಾಸಿನಲ್ಲಿ ಇಲ್ಲದಿದ್ದರೆ ಕೆಲಸ ಇಲ್ಲ. ಪ್ರಿನ್ಸಿಪಾಲರ ಪತ್ರ ಬಂದು ತಿಂಗಳಾಯಿತು.

ಸಂಜೆ ಸೀರಿಯಲ್ ಮುಗಿದ ಮೇಲೆ, ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂದೆ. ಇವರು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಅದರಲ್ಲಿ ಕೇಳುವುದೆಂತ ಉಂಟು ಮಾರಾಯ್ತಿ?"

ಸಿಟ್ಟು ನೆತ್ತಿಗೇರಿತು. ಬಾಗಿಲ ಪಕ್ಕದ ಮೊಳೆಯಿಂದ ಕಾರಿನ ಕೀ ತೆಗೆದು ಹೊರಟೆ. ಹೊಸ್ತಿಲು ದಾಟುವಾಗ ಮಗಳು ಹಿಂದಿನಿಂದ, ಮಮ್ಮಿ ಅಬಾಯಾ ಎಂದಳು. ಮೈತುಂಬ ಆ ಕಪ್ಪು ಅಬಾಯಾ ಇಲ್ಲದೆ ಇಲ್ಲಿ ಬೀದಿಗೆ ಇಳಿಯುವ ಹಾಗಿಲ್ಲ. ವಾಪಸ್ ಬಂದೆ, ಹಾಕಿಕೊಂಡೆ, ಪುನಃ ಹೊರಟೆ. (ಒಂದೇ ಸಿಟ್ಟಿನಲ್ಲಿ ಎರಡು ಸಲ ಮನೆ ಬಿಡುವುದು ಎಷ್ಟು ಕಷ್ಟ ಎಂದು ಆಸ್ಟ್ರೇಲಿಯಾದವಳಿಗೆ ಎಂತ ಗೊತ್ತು?)

ಕೆಳಗೆ ಹೋಗಿ ಕಾರಿನ ಬಲಬಾಗಿಲು ತೆಗೆದು ಕೂತೆ. ಕೀ ಹಿಡಿದು ಕೈ ಚಾಚಿದೆ. ಎದುರಿಗೆ ಸ್ಟೀರಿಂಗೇ ಇಲ್ಲ.

ಪುತ್ತೂರಿನಲ್ಲಿ ಎಂಟು ವರ್ಷ ನಾನೇ ಕಾರು ಓಡಿಸಿಕೊಂಡು ಕಾಲೇಜಿಗೆ ಹೋದವಳು. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕೆ. ಆಸ್ಟ್ರೇಲಿಯಾದಲ್ಲೂ ಬಲಕ್ಕೆ. ಸೌದಿಯಲ್ಲಿ ಎಡಕ್ಕೆ. ಎಡಕ್ಕೆ ಸರಿದು ಕೂರೋಣವೆಂದರೆ ಇಲ್ಲಿ ಹೆಂಗಸರು ಕಾರು ಓಡಿಸುವ ಹಾಗೇ ಇಲ್ಲ. ಮೂರು ವರ್ಷದಿಂದ ಗೊತ್ತಿದ್ದ ಸಂಗತಿ, ಸಿಟ್ಟಿನಲ್ಲಿ ಮರೆತೇಹೋಗಿತ್ತು. ಬಿಲ್ಡಿಂಗಿನ ಕಾವಲುಗಾರ ಕುರ್ಚಿಯಿಂದ ಎದ್ದು ನೋಡುತ್ತಿದ್ದ. ಮೇಲೆ ಹೋದರೆ ಮಾನ ಹೋಗುತ್ತದೆ. ಇಳಿದು ಹಿಂದಿನ ಸೀಟಿಗೆ ಹೋಗಿ ಕೂತೆ.

ಐದು ನಿಮಿಷಕ್ಕೆ ಇವರು ಬಂದರು, ಲುಂಗಿ ಬದಲಿಸಿ ಪ್ಯಾಂಟ್ ಹಾಕಿಕೊಂಡು. ಎಡಗಡೆ ಕೂತು, ತಿರುಗದೆ, ಕೈ ಮಾತ್ರ ಹಿಂದಕ್ಕೆ ಚಾಚಿದರು. ಕೀ ಕೊಟ್ಟೆ. ಎಲ್ಲಿಗೆ ಎಂದು ಕೇಳಲಿಲ್ಲ. ಸಮುದ್ರಕ್ಕೆ ಎಂದು ನಾನೇ ಹೇಳಿದೆ. ರಿಯಾದಿನಿಂದ ಸಮುದ್ರಕ್ಕೆ ನಾಲ್ಕು ಗಂಟೆ ದಾರಿ. ಇವರು ಎರಡು ಸಿಗ್ನಲ್ ದಾಟಿ ಸೂಪರ್ ಮಾರ್ಕೆಟಿನ ಎದುರು ನಿಲ್ಲಿಸಿದರು. ಮನೆಯಲ್ಲಿ ಹಾಲು ಮುಗಿದಿದೆಯಂತೆ.

ಅಷ್ಟರಲ್ಲಿ ಬಾಂಗು ಕೇಳಿತು, ಅಂಗಡಿಯ ಶಟರ್ ಕೆಳಗಿಳಿಯಿತು. ನಮಾಜಿನ ಹೊತ್ತಿಗೆ ಇಲ್ಲಿ ಎಲ್ಲ ಅಂಗಡಿ ಮುಚ್ಚುತ್ತದೆ, ತೆರೆಯುವುದು ಅರ್ಧ ಗಂಟೆ ಬಿಟ್ಟು. ಅಲ್ಲಿಯವರೆಗೆ ಕಾರಿನಲ್ಲೇ ಕೂರಬೇಕು.

ಇವರು ಮುಂದೆ, ನಾನು ಹಿಂದೆ. ಇಬ್ಬರೂ ಮುಚ್ಚಿದ ಶಟರ್ ನೋಡುತ್ತಾ ಕೂತೆವು. ಮುಖ ನೋಡಿಕೊಳ್ಳದೆ ಕೂರಲು ಸಮುದ್ರವೇ ಆಗಬೇಕೆಂದಿಲ್ಲ.

"ಕೇಳಿದ್ದರೆ ನೀನು ಬೇಡ ಅಂತಿದ್ದಿ," ಎಂದರು ಇವರು.

"ಹೌದು."

"ಅದಕ್ಕೇ ಕೇಳಲಿಲ್ಲ."

ಮನೆಯೊಳಗೆ ಇವರು ಇಷ್ಟು ನೇರ ಮಾತಾಡಿದ್ದೇ ಇಲ್ಲ. ಕೇಳಿ ಸಂಕಟವಾಯಿತು, ಯಾಕೋ ಸಮಾಧಾನವೂ ಆಯಿತು. ಪ್ರಿನ್ಸಿಪಾಲರ ಪತ್ರದ ವಿಷಯ ಹೇಳಿದೆ. ಅದು ತಿಂಗಳಿನಿಂದ ಅಕ್ಕಿ ಡಬ್ಬದ ಕೆಳಗಿದೆ ಎಂದೂ ಹೇಳಿದೆ. ಇವರು ಪೆಚ್ಚಾದರು. ನೀನು ಕಾಲೇಜಿನ ಸುದ್ದಿಯನ್ನೇ ತೆಗೆಯುವುದಿಲ್ಲ, ಆ ಆಸೆ ಬಿಟ್ಟಿದ್ದಿ ಅಂದುಕೊಂಡೆ ಎಂದರು. ಅದೂ ನಿಜವೇ. ಇವರು ಕೇಳುವವರಲ್ಲ, ನಾನು ಹೇಳುವವಳಲ್ಲ.

ಆಸ್ಟ್ರೇಲಿಯಾದವರು ನಮಗಿಂತ ದೊಡ್ಡ ಸತಿಪತಿಗಳೇನಲ್ಲ. ಸೀರಿಯಲ್ಲಿನ ಆ ಒಂದು ಬೀದಿಯಲ್ಲೇ ಎಷ್ಟು ಡೈವೋರ್ಸ್ ಆಯಿತೋ, ನಾನು ಲೆಕ್ಕ ಇಡುವುದು ಬಿಟ್ಟಿದ್ದೇನೆ. ಆದರೆ ಕೇಳುತ್ತಾರೆ. ನಾವು ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುತ್ತೇವೆ, ಸಂಸಾರ ಎಲ್ಲಿ ಮಾಡೋಣ ಎಂದು ಕೇಳುವುದಿಲ್ಲ. ಯಾಕೆ?

ಶಟರ್ ಮೇಲೆ ಹೋಯಿತು. ಹಾಲು ತಂದೆವು. ವಾಪಸ್ ಬರುವಾಗ ನಾನು ಮುಂದೆ ಕೂತೆ. ಬಾಗಿಲು ತೆಗೆದ ಮಗಳು ಬೀಚ್ ಸಿಕ್ಕಿತಾ ಎಂದಳು.

ಅಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ಇಲ್ಲಿಂದ ಹೆಂಡತಿ ಊರಿಗೆ ಹೋಗಬೇಕಾದರೆ ಎಕ್ಸಿಟ್ ವೀಸಾಕ್ಕೆ ಅರ್ಜಿ ಹಾಕಬೇಕಾದವನು ಗಂಡ. ಅದರಲ್ಲಿ ಎರಡು ಬಗೆ. ಒಂದು ಹೋಗಿ ಬರುವುದು. ಇನ್ನೊಂದು ಫೈನಲ್ ಎಕ್ಸಿಟ್, ಅಂದರೆ ಹೋದವರು ಹೋದ ಹಾಗೆಯೇ.

ನಿನ್ನೆ ಆಫೀಸಿನಿಂದ ಇವರ ಫೋನು ಬಂತು. ನನ್ನದೂ ಮಗಳದೂ ಅರ್ಜಿ ತೆರೆದು ಕೂತಿದ್ದರಂತೆ.

"ಯಾವುದು ಹಾಕಲಿ? ನೀನು ಹೇಳು."

ನಮ್ಮನ್ನು ಒಬ್ಬರು ಕೇಳುವುದು ಅಂದರೆ ಹೀಗಿರುತ್ತದೆ ಎಂದು ಸ್ವಲ್ಪ ಹೊತ್ತು ಸುಖಪಟ್ಟೆ. ಆ ಕಡೆ ಇವರು ಹೆದರಿದ್ದರು, ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಹೋಗಿ ಬರುವುದು ಹಾಕಿ, ಜೂನ್ ಒಂದಕ್ಕೆ ಕ್ಲಾಸಿಗೆ ಹೋಗುತ್ತೇನೆ, ರಜೆಗೆ ಇಲ್ಲಿಗೆ ಬರುತ್ತೇನೆ ಎಂದೆ.

ಕೀ ಈಗಲೂ ಇವರ ಕೈಯಲ್ಲೇ ಉಂಟು. ಎಲ್ಲಿಗೆ ಎಂದು ಕೇಳಲು ಮಾತ್ರ ಮದುವೆಯಾಗಿ ಹದಿನಾಲ್ಕು ವರ್ಷ ಹಿಡಿಯಿತು.