ಕನ್ನಡಕ್ಕೆ ತಾರದೆ ಬಿಟ್ಟ ಮಾತು

ಎಪ್ಪತ್ತರ ದಶಕದ ಒಂದು ಚುನಾವಣೆ. ತಮಿಳಿನಲ್ಲಿ ಹೈಸ್ಕೂಲು ಓದಿದ್ದ ನಾನು ತಮಿಳುನಾಡಿನ ಪೆನ್ನಾಗರಂನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ನಮ್ಮದು ಕುರಿ ಸಾಕುವ ಮನೆ, ಮನೆಮಾತು ಕನ್ನಡ. ಸೇಲಂನಿಂದ ಬರುವ ಭಾಷಣಕಾರರ ಮಾತನ್ನು ನಮ್ಮ ಕಡೆಯ ಊರುಗಳಲ್ಲಿ ಕನ್ನಡಕ್ಕೆ ಹೇಳಲು ಆಡಳಿತ ಪಕ್ಷದವರು ನನ್ನನ್ನು ಕರೆದರು. ಅಂಗಡಿಯ ಮಾಲೀಕರೂ ಅದೇ ಪಕ್ಷ, ಇಲ್ಲವೆನ್ನಲಾಗಲಿಲ್ಲ. ಮೈಕು ಹಿಡಿಯುವ ಆಸೆಯೂ ಇತ್ತು.

ಪ್ರಚಾರದ ಲಾರಿ ಒಂದು ಸಂಜೆ ನನ್ನ ಸೋದರಮಾವನ ಊರಿಗೆ ಹೋಯಿತು. ಅವರ ಮಗಳನ್ನೇ ನನಗೆ ಗೊತ್ತು ಮಾಡಿದ್ದರು. ಮಾವ ವಿರೋಧ ಪಕ್ಷದವರು. ಹಿಂದೆ ಅವರ ಪಕ್ಷವೇ ಆಳುತ್ತಿದ್ದಾಗ, ಮಳೆಯಿಲ್ಲದ ವರ್ಷ, ಊರಿಗೆ ಬಂದ ಅಕ್ಕಿ ಹಂಚಿದ್ದು ಅವರೇ.

ಭಾಷಣಕಾರರು ಬಾವಿ ತೋಡಿಸಿದ್ದು, ರಸ್ತೆ ಹಾಕಿಸಿದ್ದು, ಕರೆಂಟು ಕೊಟ್ಟದ್ದು ಎಲ್ಲ ಹೇಳಿದರು. ನಾನೂ ಹೇಳಿದೆ.

"ಕಂಬ ಐತೆ, ತಂತಿ ಎಲ್ಲಪ್ಪಾ?" ಎಂದು ಜನರ ನಡುವಿನಿಂದ ಯಾರೋ ಕೂಗಿದರು.

ಭಾಷಣಕಾರರ ದನಿ ಏರಿತು. "ನಮಗಿಂತ ಮುಂಚೆ ಅಷ್ಟು ವರ್ಷ ಆಳಿದವರನ್ನು ಕೇಳಿ! ನೀವು ಗಂಜಿಗೆ ಅಳುತ್ತಿದ್ದಾಗ ಈ ಊರಿನ ಅವರ ಪಕ್ಷದವನು ಅಕ್ಕಿ ಮೂಟೆ ಮನೆಯೊಳಗೆ ಬಚ್ಚಿಟ್ಟಿದ್ದ!" ಎಂದು ತಮಿಳಿನಲ್ಲಿ ಗುಡುಗಿದರು.

ಆ ಮಾತು ಮಾವನ ಮೇಲೆ. ಆ ವರ್ಷ ಅವ್ವನ ಜೊತೆ ಆ ಮನೆಗೆ ಹೋದಾಗ ನಾವು ಕುಡಿದದ್ದು ಸಾಮೆ ಗಂಜಿ, ಅಕ್ಕಿಯದಲ್ಲ. "ಹಿಂದಿನವ್ರು ನಮ್ಗೆ ಏನೂ ಮಾಡ್ಲಿಲ್ಲ" ಎಂದಷ್ಟೇ ಹೇಳಿ ನಿಲ್ಲಿಸಿದೆ.

ಮುಂದೆ ಕೂತಿದ್ದ ಅಜ್ಜಿಯೊಬ್ಬಳು, "ಮೂಟೆ ಇಸ್ಯ ಯಾಕ್ಲಾ ನುಂಗ್ಕೊಂಡೆ? ನಮ್ಗೂ ತಮಿಳು ಬತ್ತೈತೆ!" ಎಂದಳು. ಜನ ಗೊಳ್ಳೆಂದು ನಕ್ಕರು. ಬೇವಿನ ಮರದಡಿ ಕೂತಿದ್ದ ಮಾವ ಎದ್ದು, ಟವೆಲು ಕೊಡವಿ ಹೊರಟುಹೋದರು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಕುರಿ ಹಟ್ಟಿಯ ಮುಳ್ಳುಬೇಲಿ ಕಟ್ಟುತ್ತಿದ್ದರು.

"ಮಾವ, ಆ ಮಾತು ನಾನು ಯೋಳ್ಲಿಲ್ಲ."

"ಯೋಳ್ಬೇಕಿತ್ತು ಕಣ್ಲಾ. ಯೋಳಿದ್ರೆ ಅಲ್ಲೇ ಎದ್ದು ಸುಳ್ಳು ಅಂತಿದ್ದೆ. ಅಳಿಯ ಆಗೋನೇ ಮುಚ್ಚಾಕ್ದ, ನಿಜ್ವೇ ಇರ್ಬೇಕು ಅಂತೈತೆ ಊರು."

"ಈಗ್ಲೇ ಮನೆಮನೆಗೂ ಓಗಿ ಯೋಳ್ತೀನಿ."

"ಯಾರ್ ಕೇಳ್ತಾರೆ? ಲಾರಿ ಓಯ್ತಲ್ಲ."

ಆದರೂ ಹೋದೆ. ಜನ ಕೂರಿಸಿ ಮಜ್ಜಿಗೆ ಕೊಟ್ಟರು, ತಲೆಯಾಡಿಸಿದರು, ನಂಬಲಿಲ್ಲ. ಪಕ್ಷದವರು ಬೇರೊಬ್ಬನನ್ನು ಲಾರಿ ಹತ್ತಿಸಿದರು; ಮುಂದಿನ ಊರುಗಳಲ್ಲಿ ಅವನು ಅಕ್ಕಿ ಮೂಟೆಯ ಮಾತನ್ನೂ ಬಿಡದೆ ಹೇಳಿದ. ಆಡಳಿತ ಪಕ್ಷದವರೇ ಗೆದ್ದರು. ಮಾವನ ಪರವಾಗಿ ಮಾತಾಡಲು ಅವರ ಪಕ್ಷದಿಂದಲೂ ಒಬ್ಬರೂ ಬರಲಿಲ್ಲ.

ಮದುವೆ ನಿಲ್ಲಲಿಲ್ಲ. ಮಾವನೇ ನಿಂತು ಧಾರೆ ಎರೆದರು. ಅವರ ಊರಿನವರು ಮಾತ್ರ ಬೆರಳೆಣಿಕೆಯಷ್ಟೇ ಬಂದಿದ್ದರು. ಆಮೇಲೆ ಮಾವ ಊರಕಟ್ಟೆಯ ಕಡೆ ಹೋಗುವುದನ್ನೇ ಬಿಟ್ಟರು. ಕುರಿ ಹೊಡೆದುಕೊಂಡು ಕಾಡಿಗೆ ಹೋದರೆ ಹಿಂತಿರುಗಲು ವಾರಗಟ್ಟಲೆ ಆಗುತ್ತಿತ್ತು. ಅತ್ತೆ ಕೇಳಿದರೆ, "ಅಲ್ಲಿ ಮಾತಾಡೋರು ಇಲ್ಲ, ಚೆಂದಾಗೈತೆ" ಎನ್ನುತ್ತಿದ್ದರಂತೆ.